ಮೂರನೆಯ ಆಂಕರ್

ನನ್ನ ಅಣ್ಣ ಮದುವೆಯಾಗಲಿಲ್ಲ. ಯಾಕೆ ಎಂದು ಕೇಳಿದವರಿಗೆಲ್ಲ ನಾನು, "ಆಗಿದೆಯಲ್ಲ, ನಾನೂರ ಇಪ್ಪತ್ತು ಅಡಿ ಎತ್ತರದ ಹೆಂಡತಿ. ವರ್ಷಕ್ಕೊಂದು ಸಲ ಬಣ್ಣ ಬಳಿಸ್ಕೊಳ್ಳೋದು ಬಿಟ್ರೆ ಬೇರೇನೂ ಕೇಳಲ್ಲ" ಎನ್ನುತ್ತಿದ್ದೆ. ಅಣ್ಣ ನಗುತ್ತಿರಲಿಲ್ಲ. "ಬಣ್ಣ ನಾಲ್ಕು ವರ್ಷಕ್ಕೊಮ್ಮೆ" ಎಂದು ತಿದ್ದುತ್ತಿದ್ದ. ಅವನ ಸ್ವಭಾವ ತಿಳಿಯುವುದಕ್ಕೆ ಇಷ್ಟು ಸಾಕು.

ರೇಡಿಯೊ ಕೇಂದ್ರದ ಕಂಬವನ್ನು ನೋಡಿಕೊಳ್ಳುವುದು ಅವನ ಕೆಲಸ. ಮೂವತ್ತೊಂದು ವರ್ಷ ಅದನ್ನೇ ಮಾಡಿದ. ತುದಿಯ ಕೆಂಪು ದೀಪ ಕೆಟ್ಟರೆ ಹತ್ತಿ ಬದಲಾಯಿಸುವುದು, ತುಕ್ಕು ಕೆರೆಯುವುದು, ಗಾಳಿ ಜೋರಾದ ಮಾರನೆಯ ದಿನ ಒಂದೊಂದು ತಂತಿಯನ್ನೂ ಕೈಯಲ್ಲಿ ಹಿಡಿದು ನೋಡುವುದು. ಬೀದಿಯವರ ಬಾಯಲ್ಲಿ ಅವನು ಕಂಬದಣ್ಣ. ಅವನ ನಿಜವಾದ ಹೆಸರು ನೆನಪಿಟ್ಟುಕೊಂಡವರು ಸಂಬಳದ ಗುಮಾಸ್ತರು ಮತ್ತು ನಾನು, ಇಬ್ಬರೇ.

ಆ ಕಂಬ ತನ್ನ ಕಾಲ ಮೇಲೆ ತಾನು ನಿಂತದ್ದಲ್ಲ. ಬುಡದಲ್ಲಿ ಒಂದು ದಪ್ಪ ಪಿಂಗಾಣಿ ದಿಂಬು, ಅದರ ಮೇಲೆ ಕಂಬ. ನಿಲ್ಲಿಸಿರುವುದು ಮೂರು ದಿಕ್ಕಿಗೆ ಮೂರು ಮೂರರಂತೆ ಎಳೆದು ಕಟ್ಟಿದ ಉಕ್ಕಿನ ತಂತಿಗಳು, ಸ್ಟೇ ವೈರುಗಳು. ಒಂದೊಂದು ದಿಕ್ಕಿನ ತಂತಿಗಳೆಲ್ಲ ಇಳಿದು ಬಂದು ಒಂದು ಕಡೆ ಸೇರುತ್ತವೆ. ಅಲ್ಲಿ ಮಣ್ಣಿನೊಳಗೆ ಒಂದು ಕೋಣೆಯಷ್ಟು ಕಾಂಕ್ರೀಟು ಹೂತಿರುತ್ತದೆ, ಅದರಿಂದ ಮಣಿಕಟ್ಟಿನಷ್ಟು ದಪ್ಪದ ಕಬ್ಬಿಣದ ಸಲಾಕೆಯೊಂದು ಓರೆಯಾಗಿ ಮೇಲೆ ಬಂದು ತಂತಿಗಳನ್ನು ಹಿಡಿದುಕೊಂಡಿರುತ್ತದೆ. ಇದಕ್ಕೆ ಆಂಕರ್ ಎನ್ನುತ್ತಾರೆ. ಒಂದನೆಯದು ಕೇಂದ್ರದ ಕಟ್ಟಡದ ಹಿಂದೆ, ಎರಡನೆಯದು ರಸ್ತೆಯ ಪಕ್ಕ, ಮೂರನೆಯದು ನಮ್ಮ ಬೀದಿಯ ಕೊನೆಯಲ್ಲಿ, ನನ್ನ ಹಿತ್ತಲಿಗೆ ತಾಗಿಕೊಂಡು.

ವರ್ಷಕ್ಕೊಮ್ಮೆ, ನೆಲ ಒಣಗಿದ ತಿಂಗಳಲ್ಲಿ, ಮೂರೂ ಆಂಕರುಗಳ ಸಲಾಕೆಯ ಸುತ್ತ ಮೂರಡಿ ಅಗೆಯಬೇಕು. ತುಕ್ಕು ಉಜ್ಜಿ, ಗ್ರೀಸು ಬಳಿದು, ಮತ್ತೆ ಮುಚ್ಚಬೇಕು. ಆಮೇಲೆ ಹಸಿರು ರಟ್ಟಿನ ರಿಜಿಸ್ಟರಿನಲ್ಲಿ ಒಂದೊಂದು ಆಂಕರಿನ ಮುಂದೆಯೂ "ಅಗೆದು ನೋಡಿದೆ, ಸರಿ ಇದೆ" ಎಂದು ಬರೆದು ಸಹಿ ಹಾಕಬೇಕು. ಅಣ್ಣನ ಸಹಿ ಎಂದರೆ ಆ ಕೇಂದ್ರದಲ್ಲಿ ಕಲ್ಲಿನ ಮೇಲೆ ಕೆತ್ತಿದ್ದು. ಅವನು ಸರಿ ಎಂದು ಬರೆದ ಮೇಲೆ ಯಾರೂ ಎರಡನೆಯ ಸಲ ನೋಡುತ್ತಿರಲಿಲ್ಲ.

ಇನ್ನು ನನ್ನ ಕಥೆ ಸ್ವಲ್ಪ ಹೇಳಬೇಕು, ಯಾಕೆಂದರೆ ತಪ್ಪು ಶುರುವಾದದ್ದು ನನ್ನ ಹಿತ್ತಲಿನಲ್ಲಿ. ಗಂಡ ತೀರಿಕೊಂಡ ಮೇಲೆ ಎರಡು ಹೊಲಿಗೆ ಯಂತ್ರ ತೆಗೆದುಕೊಂಡು ನಾನು ಈ ಬೀದಿಯ ಕೊನೆಯ ಮನೆಗೆ ಬಂದೆ. ಮನೆ ತೋರಿಸಿದವನು ಅಣ್ಣನೇ. ಮೊದಲ ವರ್ಷ ನಾನು ಮಾತಾಡಿದ್ದು ಕಡಿಮೆ. ಪರದೆ ಹೊಲಿದೆ, ಸಮವಸ್ತ್ರ ಹೊಲಿದೆ, ಗೋಡೆ ನೋಡುತ್ತ ಕೂತೆ. ಆಗ ನನ್ನ ಅಡುಗೆಮನೆಯ ತುಕ್ಕು ಹಿಡಿದ ನಲ್ಲಿ ಸಣ್ಣ ದನಿಯಲ್ಲಿ ವಾರ್ತೆ ಓದುತ್ತಿತ್ತು. ಕಂಬ ಅಷ್ಟು ಹತ್ತಿರವಿದ್ದರೆ ಕಬ್ಬಿಣವೂ ರೇಡಿಯೊ ಆಗುತ್ತದೆ. ನನ್ನ ಜೊತೆ ಮಾತಾಡುತ್ತಿದ್ದದ್ದು ಆ ನಲ್ಲಿ ಒಂದೇ.

ಅಣ್ಣ ಇದನ್ನು ನೋಡಿ ಒಂದು ದಿನ ಹೇಳದೆ ಕೇಳದೆ ಕೇಂದ್ರದ ತಂತಿಬೇಲಿಯನ್ನು ಹನ್ನೆರಡು ಅಡಿ ಆ ಕಡೆಗೆ ಸರಿಸಿ ನೆಟ್ಟ. ಒಂದು ನೀರಿನ ಪೈಪನ್ನೂ ಎಳೆದುಕೊಟ್ಟ. "ಏನಾದ್ರೂ ಹಾಕು, ತಂಗಿ. ಸುಮ್ಮನೆ ಕೂರಬೇಡ" ಎಂದ. ನಾನು ಟೊಮೇಟೊ ಹಾಕಿದೆ, ಬೀನ್ಸ್ ಹಾಕಿದೆ. ಬಂಡೆ ನೆಲ, ಆಳ ಸಾಲದು ಎಂದು ಎರಡು ಗಾಡಿ ಮಣ್ಣು ಹಾಕಿಸಿದೆ. ಮೂರನೆಯ ಆಂಕರಿನ ಸಲಾಕೆ ನನ್ನ ತೋಟದ ನಡುವೆ ಬಂತು. ನನಗೆ ಅದು ಬಳ್ಳಿ ಹಬ್ಬಿಸುವುದಕ್ಕೆ ಬಿಟ್ಟಿ ಸಿಕ್ಕಿದ ಗೂಟ. ದಿನಕ್ಕೆ ಎರಡು ಹೊತ್ತು ಅದರ ಬುಡಕ್ಕೆ ನೀರು ಬಿಟ್ಟೆ. ಆ ವರ್ಷ ನಾನು ಮತ್ತೆ ಜಗಳವಾಡಲು ಶುರು ಮಾಡಿದೆ, ನಗಲೂ ಶುರು ಮಾಡಿದೆ.

ಒಣ ತಿಂಗಳಲ್ಲಿ ಅಣ್ಣ ಗುದ್ದಲಿ ಹಿಡಿದು ಬಂದ. ಬೀನ್ಸ್ ಹೂವಿನಲ್ಲಿತ್ತು. "ಈಗ ಅಗೆದ್ರೆ ಎಲ್ಲಾ ಹೋಗುತ್ತೆ. ಕೊಯ್ಲು ಮುಗೀಲಿ, ಆಮೇಲೆ ಬಾ" ಎಂದೆ. ಅವನು ಗುದ್ದಲಿ ಹೆಗಲಿಗೇರಿಸಿ ಹೋದ. ಮಾರನೆಯ ವರ್ಷ ಅದೇ ಜಾಗದಲ್ಲಿ ಕುಂಬಳ ಕಾಯಿ ಬಿಟ್ಟಿತ್ತು. ಅದರ ಮಾರನೆಯ ವರ್ಷ ಅವನು ಗುದ್ದಲಿಯನ್ನೇ ತರಲಿಲ್ಲ. ಬೇಲಿಯ ಆ ಕಡೆಯಿಂದ ಹೇಗೋ ನೋಡಿಕೊಂಡಿರಬೇಕು ಎಂದು ನಾನು ತಿಳಿದೆ. ಅವನ ಕೆಲಸದ ಬಗ್ಗೆ ಅನುಮಾನ ಪಡುವುದು ನಮ್ಮ ಮನೆತನದಲ್ಲಿ ಇರಲಿಲ್ಲ.

ಹೀಗೆ ಹದಿನಾಲ್ಕು ವರ್ಷ ಹೋಯಿತು. ಅವನು ನಿವೃತ್ತನಾದ. ರೇಡಿಯೊ ಬೇರೆ ದಾರಿ ಹಿಡಿಯಿತು, ಈ ಕಂಬದಿಂದ ಪ್ರಸಾರ ನಿಂತಿತು, ನನ್ನ ನಲ್ಲಿಯೂ ಬಾಯಿ ಮುಚ್ಚಿತು. ಕಂಬದ ಸುತ್ತ ನಾಲ್ಕೂ ಕಡೆ ಮನೆಗಳಾಗಿದ್ದವು. ಕೆಲಸವಿಲ್ಲದ ಕಬ್ಬಿಣವನ್ನು ಜನರ ತಲೆಯ ಮೇಲೆ ಯಾಕೆ ನಿಲ್ಲಿಸಬೇಕು, ಬಿಚ್ಚಿ ಎಂದು ಆದೇಶ ಬಂತು. ಒಂದೇ ಸಲ ಕೆಡವಲು ಜಾಗವಿಲ್ಲ. ತುದಿಯಿಂದ ಒಂದೊಂದು ತುಂಡಾಗಿ ಬಿಚ್ಚಿ ಇಳಿಸಬೇಕು.

ಬಿಚ್ಚುವ ಕಂಪನಿಯಿಂದ ಒಬ್ಬರು ಇಂಜಿನಿಯರ್ ಬಂದರು. ಮೂವತ್ತೈದರ ಹೆಂಗಸು, ಮಾತು ಕಡಿಮೆ, ಕಣ್ಣು ಚುರುಕು. ಜೊತೆಗೆ ಒಬ್ಬ ಮೇಸ್ತ್ರಿ, ಹತ್ತುವವರು ಐದು ಜನ. ಕಂಬದ ಜಾತಕ ಬಲ್ಲವನು ಒಬ್ಬ ಬೇಕೆಂದು ಅಣ್ಣನನ್ನು ಕರೆಸಿಕೊಂಡರು. ಅವನು ಹಳೆಯ ಖಾಕಿ ಅಂಗಿ ಇಸ್ತ್ರಿ ಮಾಡಿಸಿಕೊಂಡು ಹೋದ. ಇಂಜಿನಿಯರ್ ಅಳತೆಯ ಯಂತ್ರ ಹಿಡಿದು ಒಂಬತ್ತೂ ತಂತಿಗಳ ಬಿಗಿ ನೋಡಿದರು. ಅಣ್ಣ ತನ್ನ ರೀತಿಯಲ್ಲಿ ತಂತಿಯನ್ನು ಒಮ್ಮೆ ಅಲುಗಿಸಿ, ಆ ಅಲೆ ಮೇಲೆ ಹೋಗಿ ಕೆಳಗೆ ಬರುವುದನ್ನು ಬೆರಳಿನಲ್ಲಿ ಎಣಿಸಿ ಹೇಳಿದ. ಇಬ್ಬರ ಲೆಕ್ಕವೂ ಒಂದೇ ಬಂತು. ಮೇಸ್ತ್ರಿ ತಲೆದೂಗಿದ.

ಆಮೇಲೆ ಇಂಜಿನಿಯರ್ ಹಸಿರು ರಿಜಿಸ್ಟರನ್ನು ಟ್ರಕ್ಕಿನ ಮೂತಿಯ ಮೇಲೆ ತೆರೆದಿಟ್ಟು ಪುಟ ತಿರುವಿದರು. "ಇಷ್ಟು ಕಡೆ ಕೆಲಸ ಮಾಡಿದೀನಿ, ಇಷ್ಟು ಚೊಕ್ಕವಾದ ರಿಜಿಸ್ಟರ್ ನೋಡಿಲ್ಲ. ಆಂಕರ್ ಅಗೆದು ನೋಡೋಕೇ ನನಗೆ ಒಂದು ವಾರ ಬೇಕಾಗ್ತಿತ್ತು. ನಿಮ್ಮ ಸಹಿ ನಂಬಿ ಆ ವಾರ ಉಳಿಸ್ಕೊಂಡೆ, ಸರ್" ಎಂದರು. ಸೋಮವಾರ ರಸ್ತೆ ಮುಚ್ಚಿಸಲು ಪೊಲೀಸರ ಅನುಮತಿ ಸಿಕ್ಕಿತ್ತು. ಸೋಮವಾರ ಹತ್ತುವುದೆಂದು ನಿಗದಿಯಾಯಿತು.

ಅದು ಗುರುವಾರ. ಅಣ್ಣ ಅಲ್ಲಿಂದ ನೇರ ನನ್ನ ಮನೆಗೆ ಬಂದ. ಹಿತ್ತಲಿಗೆ ಹೋಗಿ ಸಲಾಕೆಯ ಹತ್ತಿರ ಕುಕ್ಕರಗಾಲಲ್ಲಿ ಕೂತ. ನಾನು ಟೀ ತಂದುಕೊಟ್ಟರೆ ಕೈಯಲ್ಲಿ ಹಿಡಿದುಕೊಂಡೇ ಇದ್ದ.

"ತಂಗಿ, ನಿನ್ನ ತೋಟ ಅಗೀಬೇಕು."

"ಕಂಬಾನೇ ಹೋಗ್ತಾ ಇದೆ, ಈಗ ಬುಡ ನೋಡಿ ಏನಾಗಬೇಕು?"

"ಹೋಗ್ತಾ ಇರೋದಕ್ಕೇ ನೋಡಬೇಕು. ನಿಂತಿರೋ ಕಂಬಕ್ಕೆ ಅಭ್ಯಾಸದ ಭಾರ. ಬಿಚ್ಚೋವಾಗ ಒಂದು ಕಡೆ ಸಡಿಲಿಸಿದ್ರೆ ಇನ್ನೊಂದು ಕಡೆ ಜಗ್ಗುತ್ತೆ. ಆಗ ಇದು ಹಿಡೀಬೇಕು." ಸಲಾಕೆಯನ್ನು ಮುಟ್ಟಿ ತೋರಿಸಿದ. "ಇದರ ಬುಡ ನಾನು ನೋಡಿ ಹದಿನಾಲ್ಕು ವರ್ಷ ಆಯ್ತು."

ನನಗೆ ಅರ್ಥವಾಗಲಿಲ್ಲ. "ಬರೆದಿದೀಯಲ್ಲ?"

"ಬರೆದಿದೀನಿ."

ನನಗೆ ಸಿಟ್ಟು ಬಂತು. ಹೆದರಿದಾಗ ನನಗೆ ಮೊದಲು ಬರುವುದು ಸಿಟ್ಟೇ. ಯಾಕೆ ಬರೆದೆ, ನನ್ನನ್ನು ಬೈದು ಅಗೆಯಬಾರದಿತ್ತೇ, ಬೀನ್ಸ್ ಏನು ನಿನ್ನ ಸಹಿಗಿಂತ ದೊಡ್ಡದೇ ಎಂದು ಬಾಯಿಗೆ ಬಂದಂತೆ ಅಂದೆ. ಅವನು ಎಲ್ಲ ಕೇಳಿಸಿಕೊಂಡ. "ಮೊದಲ ವರ್ಷ ನಿನಗೋಸ್ಕರ ಬರೆದೆ. ಎರಡನೇ ವರ್ಷ ಹಿಂದಿನ ವರ್ಷ ಬರೆದಿದ್ದೆ ಅಂತ ಬರೆದೆ. ಆಮೇಲೆ ಅಗೆಯೋಕೇ ಹೆದರಿಕೆ ಆಯ್ತು. ಕೆಟ್ಟಿದ್ರೆ ಎಲ್ಲಾ ಹೊರಗೆ ಬರುತ್ತಲ್ಲ. ನೀನು ಹೂವು ಉಳಿಸ್ಕೊಂಡೆ, ನಾನು ಮುಖ ಉಳಿಸ್ಕೊಂಡೆ" ಎಂದ.

ಆಮೇಲೆ ನಾನು ಒಂದು ಮಾತು ಹೇಳಿದೆ. ಅದನ್ನು ಇಲ್ಲಿ ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ. "ನಿಜ ಹೇಳೋದು ಯಾಕೆ? ಸುಮ್ಮನೆ ಇನ್ನೊಂದು ಸಲ ಅಗೆದು ನೋಡೋಣ ಅನ್ನು. ಇಂಜಿನಿಯರ್ ಬೇಡ ಅಂತಾರಾ?" ಎಂದೆ. ನನಗೆ ಅವನ ಮಾನ ಉಳಿಯಬೇಕಿತ್ತು. ನನ್ನದೂ.

ಶುಕ್ರವಾರ ಅವನು ಹಾಗೇ ಹೋಗಿ ಕೇಳಿದ. ಇಂಜಿನಿಯರ್ ಬೇಡವೆಂದರು. ಎಳೆತದಲ್ಲಿರುವ ಆಂಕರಿನ ಬುಡದ ಮಣ್ಣು ಸುಮ್ಮನೆ ತೆಗೆಯುವುದೇ ಅಪಾಯ, ಬಿಗಿ ಸರಿ ಇದೆ, ಹೋದ ವರ್ಷದವರೆಗೂ ಅಗೆದು ನೋಡಿದ ದಾಖಲೆ ಇದೆ, ಕಾರಣವಿಲ್ಲದೆ ಕೈ ಹಾಕುವುದಿಲ್ಲ ಎಂದರು. ಅವರು ಹೇಳಿದ್ದು ನ್ಯಾಯವೇ. ಮೇಲಿನಿಂದ ನೋಡಿದರೆ ಯಾವ ದೋಷವೂ ಕಾಣುತ್ತಿರಲಿಲ್ಲ. ಮಣ್ಣಿನೊಳಗಿನದು ತಂತಿಗೂ ಗೊತ್ತಿಲ್ಲ, ಯಂತ್ರಕ್ಕೂ ಗೊತ್ತಿಲ್ಲ. ಕಾರಣ ಎಂಬುದು ಇದ್ದರೆ ಅದು ಅಣ್ಣನ ಬಾಯಲ್ಲಿತ್ತು.

ಶನಿವಾರ ಅವನು ನನ್ನನ್ನು ರಸ್ತೆಯಾಚೆ ಕರೆದುಕೊಂಡು ಹೋದ. ನಾನು ಅಲ್ಲಿಯವರೆಗೆ, ಮೂರನೆಯ ಆಂಕರ್ ಕೈಬಿಟ್ಟರೆ ಕಂಬ ನನ್ನ ಮನೆಯ ಮೇಲೆ ಬೀಳುತ್ತದೆ ಎಂದೇ ತಿಳಿದಿದ್ದೆ. ತಪ್ಪು ನನ್ನದು, ಬೀಳುವುದೂ ನನ್ನ ತಲೆಯ ಮೇಲೇ, ಲೆಕ್ಕ ಚುಕ್ತಾ ಎಂದು ಒಳಗೊಳಗೇ ಸಮಾಧಾನ ಮಾಡಿಕೊಂಡಿದ್ದೆ. ಅಣ್ಣ ಒಂದು ಮೂರು ಮಹಡಿಯ ಮನೆಯ ಮುಂದೆ ನಿಂತ. ಮೇಲೆ ಯಾರೋ ಒದ್ದೆ ಬಟ್ಟೆ ಒಣಹಾಕುತ್ತಿದ್ದರು. ಕೆಳಗೆ ಒಂದು ಬೇಕರಿ, ಬೆಂಚಿನ ಮೇಲೆ ಮೂವರು ಮುದುಕರು ಪತ್ರಿಕೆ ಹಂಚಿಕೊಂಡು ಓದುತ್ತಿದ್ದರು.

"ಯಾವ ಕಡೆ ಕೈಬಿಡುತ್ತೋ ಅದರ ಎದುರು ಕಡೆ ಬೀಳೋದು. ಇಲ್ಲಿ ಬೀಳುತ್ತೆ, ನಿನ್ನ ಮನೆ ಮೇಲಲ್ಲ. ನಿನ್ನ ಟೊಮೇಟೊ ಇವರು ಒಂದು ದಿನಾನೂ ತಿಂದಿಲ್ಲ. ಮೇಲೆ ಐದು ಜನ ಬೇರೆ ಇರ್ತಾರೆ" ಎಂದ.

ನಾನು ವಾದ ಮಾಡಿದೆ. ಮಾಡದಿದ್ದರೆ ನಾನು ನಾನಲ್ಲ. "ಅಡಿಕೆಗೆ ಹೋದ ಮಾನ ಆನೆ ಕೊಟ್ರೂ ಬರಲ್ಲ, ಅಣ್ಣ. ನಿನಗೆ ಇರೋದು ಅದೊಂದೇ. ಮನೆ ಕಟ್ಟಿಲ್ಲ, ಸಂಸಾರ ಕಟ್ಟಿಲ್ಲ. ಕಂಬದಣ್ಣನ ಮಾತು ಅಂದ್ರೆ ಮಾತು ಅಂತ ಜನ ಅಂತಾರಲ್ಲ, ಅದೂ ಹೋದ್ರೆ ಏನು ಉಳಿಯುತ್ತೆ?"

"ಮಾನ ಹೋಗಿ ಹದಿನಾಲ್ಕು ವರ್ಷ ಆಯ್ತು. ಜನಕ್ಕೆ ಗೊತ್ತಾಗೋದು ಸೋಮವಾರ, ಅಷ್ಟೇ." ಕಡ್ಡಿ ಮುರಿದಂತೆ ಹೇಳಿ, ರಸ್ತೆ ದಾಟಿ ನಡೆದುಬಿಟ್ಟ.

ಭಾನುವಾರ ಕಂಪನಿಯವರಿಗೆ ರಜೆ. ಅವನು ಇಡೀ ದಿನ ಗುದ್ದಲಿಯ ಹಿಡಿ ಉಜ್ಜುತ್ತ ಕೂತ. ಇಂಜಿನಿಯರ್ ಇಳಿದುಕೊಂಡಿರುವ ಕಡೆಗೇ ಹೋಗಿ ಅವರೊಬ್ಬರಿಗೇ ಹೇಳಿಬಿಡು ಎಂದೆ. ಹತ್ತುವವರು ಅವರಲ್ಲವಲ್ಲ ಎಂದ.

ಸೋಮವಾರ ಬೆಳಿಗ್ಗೆ ಏಳಕ್ಕೆ ರಸ್ತೆಗೆ ಅಡ್ಡಗಂಬಿ ಹಾಕಿದ್ದರು. ಹತ್ತುವವರು ಸೊಂಟಕ್ಕೆ ಬೆಲ್ಟು ಬಿಗಿದುಕೊಂಡು ಕಂಬದ ಬುಡದಲ್ಲಿ ನಿಂತಿದ್ದರು. ನಾನು ಬೇಡವೆಂದರೂ ಕೇಳದೆ ಅವನ ಹಿಂದೆ ಹೋದೆ. ಅವನು ಎಲ್ಲರಿಗೂ ಕೇಳುವಷ್ಟು ದೂರದಲ್ಲಿ ನಿಂತು, ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ.

"ಮೇಡಂ, ಮೂರನೇ ಆಂಕರ್ ನಾನು ಹದಿನಾಲ್ಕು ವರ್ಷದಿಂದ ಅಗೆದು ನೋಡಿಲ್ಲ. ರಿಜಿಸ್ಟರಲ್ಲಿ ಬರೆದಿರೋದು ಸುಳ್ಳು. ಸುತ್ತ ಮಣ್ಣು ಏರಿ ತೋಟ ಆಗಿದೆ, ದಿನಾ ನೀರು ಬಿದ್ದಿದೆ. ಯಾರೂ ಹತ್ತಬೇಡಿ."

ಅಡ್ಡಗಂಬಿಯಾಚೆ ನೋಡಲು ನಿಂತಿದ್ದ ಬೀದಿಯ ಜನಕ್ಕೂ ಕೇಳಿಸಿತ್ತು. ನಾನು ಮುಂದೆ ಹೋಗಿ, "ತೋಟ ನನ್ನದು, ಅಗೆಯೋಕೆ ಬಿಡದೆ ಇದ್ದವಳು ನಾನು" ಎಂದೆ.

"ನೀನು ಸುಮ್ಮನಿರು. ಸಹಿ ನಿನ್ನದಲ್ಲ" ಎಂದ ಅಣ್ಣ. ನನ್ನ ಕಡೆ ತಿರುಗಲಿಲ್ಲ.

ಕಂಪನಿಯವರಲ್ಲಿ ಮೊದಲು ಬಾಯಿ ತೆರೆದವನು ಮೇಸ್ತ್ರಿ. "ಯಜಮಾನ್ರೇ, ಗುರುವಾರ ನಿಮ್ಮ ಪಕ್ಕದಲ್ಲೇ ಕೂತು ಊಟ ಮಾಡಿದೆ ನಾನು. ಆಗ ಯಾಕೆ ಹೇಳಲಿಲ್ಲ? ಇವರಿಗೆಲ್ಲ ಮನೇಲಿ ಹೆಂಡತಿ ಮಕ್ಕಳಿದ್ದಾರೆ. ಬೇಲೀನೇ ಎದ್ದು ಹೊಲ ಮೇಯ್ದ್ರೆ ನಾವು ಯಾರನ್ನ ನಂಬೋದು?" ಎಂದ. ದನಿ ಏರಿಸಲಿಲ್ಲ, ಅದಕ್ಕೇ ಇನ್ನೂ ಚುಚ್ಚಿತು. ಅಣ್ಣ, "ಹೇಳಬೇಕಿತ್ತು" ಎಂದ. ಅಷ್ಟೇ. ನೆಪ ಹೇಳಲಿಲ್ಲ, ಕ್ಷಮೆಯನ್ನೂ ಕೇಳಲಿಲ್ಲ.

ಇಂಜಿನಿಯರ್ ರಿಜಿಸ್ಟರ್ ಮುಚ್ಚಿದರು. ಹತ್ತುವವರಿಗೆ ಬೆಲ್ಟು ಬಿಚ್ಚಲು ಹೇಳಿದರು. ಎರಡು ಗಂಟೆಯಲ್ಲಿ ದೊಡ್ಡ ದೊಡ್ಡ ಕಾಂಕ್ರೀಟು ದಿಮ್ಮಿಗಳನ್ನು ಲಾರಿಯಲ್ಲಿ ತರಿಸಿ, ನನ್ನ ತೋಟದ ಮುಂದೆ ಒಂದರ ಮೇಲೊಂದು ಪೇರಿಸಿ, ಮೂರನೆಯ ಕಡೆಯ ತಂತಿಗಳಿಗೆ ಇನ್ನೊಂದು ಜೊತೆ ಉಕ್ಕಿನ ಹಗ್ಗ ಬಿಗಿದು ಆ ದಿಮ್ಮಿಗಳಿಗೆ ಕಟ್ಟಿಸಿದರು. ಭಾರವೆಲ್ಲ ದಿಮ್ಮಿಗಳ ಮೇಲೆ ಬಂದ ಮೇಲೆಯೇ ಅಗೆಯಲು ಬಿಟ್ಟರು. ಆ ಹೊತ್ತಿಗೆ ನಾನು ತೋಟವನ್ನು ನನ್ನ ಕೈಯಿಂದಲೇ ಕಿತ್ತು ಬೇಲಿಯ ಪಕ್ಕ ಹಾಕಿದ್ದೆ. ಬೀನ್ಸ್ ಆ ದಿನವೂ ಹೂವಿನಲ್ಲಿತ್ತು. ಇನ್ನೊಬ್ಬರು ಕೀಳುವುದನ್ನು ನೋಡುತ್ತ ನಿಲ್ಲುವುದು ನನ್ನಿಂದಾಗುತ್ತಿರಲಿಲ್ಲ.

ಅಣ್ಣನೇ ಅಗೆದ. ಮೇಸ್ತ್ರಿ ಇನ್ನೊಂದು ಗುದ್ದಲಿ ಹಿಡಿದು ಎದುರು ನಿಂತ. ಒಂದಡಿಯವರೆಗೆ ಸಲಾಕೆ ಬಣ್ಣದ ಸಮೇತ ಗಟ್ಟಿಯಾಗಿತ್ತು. ಎರಡಡಿಯಲ್ಲಿ ಮಣ್ಣು ಕೆಂಪಾಯಿತು. ಮೂರಡಿ ಅಗೆದಾಗ ಅಣ್ಣ ಗುದ್ದಲಿ ಪಕ್ಕಕ್ಕಿಟ್ಟು, ಮಂಡಿಯೂರಿ, ಕೈಯಿಂದ ಮಣ್ಣು ಸರಿಸಿದ. ಪದರ ಪದರವಾಗಿ ತುಕ್ಕು ಉದುರಿತು. ಮೇಲೆ ಮಣಿಕಟ್ಟಿನಷ್ಟು ದಪ್ಪವಿದ್ದದ್ದು ಅಲ್ಲಿ ನನ್ನ ಹೆಬ್ಬೆರಳಷ್ಟೂ ಇರಲಿಲ್ಲ. ಮೇಸ್ತ್ರಿ ಕೆಳಗಿಳಿದು, ಎರಡು ಬೆರಳಲ್ಲಿ ಅದನ್ನು ಸುತ್ತಿ ಹಿಡಿದು, ಆ ಬೆರಳುಗಳನ್ನು ಹಾಗೇ ಮೇಲೆತ್ತಿ ತನ್ನ ಐದು ಜನಕ್ಕೆ ತೋರಿಸಿದ. ಅವರಲ್ಲಿ ಒಬ್ಬ ಅಲ್ಲೇ ಕೂತುಬಿಟ್ಟ. ನನಗೆ ಅಳು ಬಂತು, ಮರೆಮಾಚಲಿಲ್ಲ.

ಇಂಜಿನಿಯರ್ ಫೋಟೊ ತೆಗೆದುಕೊಂಡರು. "ನೀವು ಹೇಳಿದ್ದು ಒಳ್ಳೇದಾಯ್ತು. ಆದ್ರೆ ನಾಳೆಯಿಂದ ನಿಮ್ಮನ್ನ ಒಳಗೆ ಬಿಡೋಕೆ ಆಗಲ್ಲ. ನಾನು ಇದನ್ನ ಬರೆದು ಕಳಿಸ್ಲೇಬೇಕು" ಎಂದರು.

"ಬರೀರಿ ಮೇಡಂ" ಎಂದ ಅಣ್ಣ.

ಬೇಲಿ ಹನ್ನೆರಡು ಅಡಿ ಹಿಂದಕ್ಕೆ, ತನ್ನ ಹಳೆಯ ಜಾಗಕ್ಕೆ ಬಂತು. ಹೊಸ ಆಂಕರ್ ಕೂತು ಗಟ್ಟಿಯಾಗಲು ಮೂರು ವಾರ ಹಿಡಿಯಿತು, ಕಂಬ ಇಳಿಯಲು ಮತ್ತೆ ಹತ್ತೊಂಬತ್ತು ದಿನ. ಅಷ್ಟೂ ದಿನ ಅಣ್ಣ ನನ್ನ ಹಿತ್ತಲಿನಲ್ಲಿ ಸ್ಟೂಲು ಹಾಕಿಕೊಂಡು, ಬೇಲಿಯ ಈಚೆಯಿಂದ ನೋಡಿದ. ಬೀದಿಯಲ್ಲಿ ಕೆಲವರು ಮುಖ ತಿರುಗಿಸಿದರು. ಇಪ್ಪತ್ತು ವರ್ಷ ಅವನನ್ನು ಕಂಡರೆ ಎದ್ದು ನಿಲ್ಲುತ್ತಿದ್ದ ನೆರೆಯವರೊಬ್ಬರು, "ಎಲ್ಲಾ ಸರಿ ಇದೆಯಾ, ನೋಡಿದ್ಯಾ?" ಎಂದು ಅವನಿಗೆ ಕೇಳುವಂತೆ ತಮ್ಮ ನಾಯಿಯನ್ನು ಕೇಳಿದರು. ನಾನು ಕತ್ತರಿ ಹಿಡಿದೇ ಹೊರಗೆ ಹೊರಟಿದ್ದೆ. ಅಣ್ಣ ಕೈ ಹಿಡಿದು ಕೂರಿಸಿದ. "ಅಂದುಕೊಳ್ಳಲಿ ಬಿಡು. ನಿಜಾನೇ ಅಲ್ವಾ" ಎಂದ.

ಕೊನೆಯ ತುಂಡು ಲಾರಿ ಹತ್ತಿದ ದಿನ ಆಕಾಶ ಅಗಲವಾಗಿ, ಅಪರಿಚಿತವಾಗಿ ಕಂಡಿತು. ಸಂಜೆಗೆ ಮುಂಚೆ ಮೇಸ್ತ್ರಿ ಬೇಲಿಯ ಹತ್ತಿರ ಬಂದ. ಕಂಕುಳಲ್ಲಿ ಹಸಿರು ರಿಜಿಸ್ಟರ್.

"ಯಜಮಾನ್ರೇ, ಇದನ್ನ ಮುಚ್ಚಿ ಆಫೀಸಿಗೆ ಕಳಿಸಬೇಕಂತೆ. ಮೇಡಂ ಹೇಳಿದ್ರು, ನೀವು ಒಂದು ಸಲ ನೋಡಿಕೊಡಿ ಅಂತ. ಬರೀಲೇಬೇಕು ಅಂತೇನಿಲ್ಲ."

ಅಣ್ಣ ರಿಜಿಸ್ಟರನ್ನು ಒಳಗೆ ತಂದು ನನ್ನ ಹೊಲಿಗೆ ಯಂತ್ರದ ಮೇಜಿನ ಮೇಲಿಟ್ಟ. ಕನ್ನಡಕ ಹಾಕಿಕೊಂಡ. ಹದಿನಾಲ್ಕು ವರ್ಷ ಹಿಂದಿನ ಪುಟ ತೆಗೆದು, ಮೂರನೆಯ ಆಂಕರಿನ ಸಾಲಿನಲ್ಲಿ, ತನ್ನ ಹಳೆಯ ಅಕ್ಷರಗಳ ಪಕ್ಕ "ನೋಡಿರಲಿಲ್ಲ" ಎಂದು ಬರೆದು, ಪೂರ್ತಿ ಹೆಸರು ಬರೆದು ಸಹಿ ಹಾಕಿದ. ಮುಂದಿನ ವರ್ಷದ ಪುಟ ತೆಗೆದ. ಮತ್ತೆ "ನೋಡಿರಲಿಲ್ಲ", ಮತ್ತೆ ಸಹಿ. ನಾನು ಪುಟ ಹಿಡಿದುಕೊಂಡು ನಿಂತೆ. ಹದಿನಾಲ್ಕು ಸಲ ಬರೆದ. ಎಲ್ಲೂ ಅವಸರ ಮಾಡಲಿಲ್ಲ, ಎಲ್ಲೂ ಅಕ್ಷರ ಸೊಟ್ಟವಾಗಲಿಲ್ಲ. ಹೊರಗೆ ಮೇಸ್ತ್ರಿ ಕಾಯುತ್ತಿದ್ದ.

ಕೊನೆಯಲ್ಲಿ ಒಂದು ಖಾಲಿ ಸಾಲು ಉಳಿದಿತ್ತು. ಅಣ್ಣ ಆ ಸೋಮವಾರದ ತಾರೀಖು ಹಾಕಿ, ಪೆನ್ನು ಒತ್ತಿ ಬರೆದ:

"ಮೂರನೆಯ ಆಂಕರ್. ಅಗೆದು ನೋಡಿದೆ. ಸರಿ ಇರಲಿಲ್ಲ."